ಮನೆಯನ್ನೆಲ್ಲ ಬೆಚ್ಚಗಿಡುವ ಒಲೆ

(ಮಹಿಳಾ ವೇದಿಕೆಯ ಚಳಿಗಾಲದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ವರ್ಷದ ಮಾತಿನ ಸರಣಿಗೆ "ನಾನು ಕಂಡ ಬೇರೆ ಊರಿನ ಅಡುಗೆಮನೆ" ಎಂಬ ವಿಷಯ ಕೊಟ್ಟಿದ್ದೀರಿ. ನನ್ನ ಮುಂಚೆ ಮಾತಾಡಿದವರು ಊಟತಿಂಡಿಯ ರುಚಿಯ ಬಗ್ಗೆ ಚೆನ್ನಾಗಿ ಹೇಳಿದರು. ನಾನು ರುಚಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಲೆಯ ಬಗ್ಗೆ ಮಾತಾಡುತ್ತೇನೆ. ಅಡುಗೆಯನ್ನೂ ಮಾಡಿ, ಸ್ನಾನಕ್ಕೆ ನೀರನ್ನೂ ಕಾಯಿಸಿ, ಇಡೀ ಮನೆಯನ್ನೂ ಬೆಚ್ಚಗಿಡುವ ಒಂದು ಒಲೆಯ ಜೊತೆ ನಾನು ಒಂದು ಪೂರ್ತಿ ಚಳಿಗಾಲ ಕಳೆದಿದ್ದೇನೆ. ಅದರಿಂದ ತಿಳಿದುಕೊಂಡದ್ದನ್ನು ದೆಹಲಿಯ ಈ ಚಳಿಯಲ್ಲಿ ನಿಮ್ಮ ಮುಂದೆ ಇಡುವುದಕ್ಕೆ ಒಂದು ಕಾರಣವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ನನ್ನ ಮಗಳು ಇಂಗ್ಲೆಂಡಿನ ಶ್ರಾಪ್‌ಷೈರ್ ಎಂಬ ಪ್ರಾಂತ್ಯದಲ್ಲಿ ವೈದ್ಯೆ. ಅಳಿಯ ಪಂಜಾಬಿ, ಇಲ್ಲೇ ದೆಹಲಿಯಲ್ಲಿ ಬೆಳೆದ ಹುಡುಗ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಅವರದು ಸೆವರ್ನ್ ನದಿಗೆ ಹತ್ತಿರದ ಒಂದು ಹಳ್ಳಿ. ಹಳೇ ಕಲ್ಲಿನ ಮನೆ, ಅರ್ಧ ಮೀಟರ್ ದಪ್ಪದ ಗೋಡೆ. ಗ್ಯಾಸ್ ಪೈಪು ಆ ಹಳ್ಳಿಗೆ ಬಂದಿಲ್ಲ. ಮಗಳ ಎರಡನೇ ಬಾಣಂತನಕ್ಕೆಂದು ನಾನು ನವೆಂಬರ್ ಕೊನೆಗೆ ಹೋದೆ, ಮಾರ್ಚ್ ದಾಟಿದ ಮೇಲೆ ಬಂದೆ. ಬಾಣಂತನ ಎಂದರೆ ನಮಗೆ ಮೊದಲು ನೆನಪಾಗುವುದು ಎರಡು ವಸ್ತು: ಬಿಸಿನೀರು ಮತ್ತು ಬೆಚ್ಚಗಿನ ಕೋಣೆ. ಆ ಮನೆಯಲ್ಲಿ ಎರಡಕ್ಕೂ ಇದ್ದ ಆಧಾರ ಒಂದೇ: ಅಡುಗೆಮನೆಯ ಗೋಡೆಗೆ ಒರಗಿ ನಿಂತ, ಕೆನೆಬಣ್ಣದ ಎನಾಮಲ್ ಬಳಿದ ಎರಕದ ಕಬ್ಬಿಣದ ಒಲೆ. ಹೆಸರು ರೇಬರ್ನ್.

ನೋಡುವುದಕ್ಕೆ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ನಮ್ಮ ಎರಡು ಕಬ್ಬಿಣದ ಟ್ರಂಕುಗಳನ್ನು ಪಕ್ಕಪಕ್ಕ ನಿಲ್ಲಿಸಿದಷ್ಟು ದೊಡ್ಡದು. ಎಡಗಡೆ ಸೌದೆ ಹಾಕುವ ಸಣ್ಣ ಬಾಗಿಲು, ಅದರ ಕೆಳಗೆ ಬೂದಿಯ ತಟ್ಟೆ. ಬಲಗಡೆ ಎರಡು ಓವನ್: ಮೇಲಿನದು ಬೇಯಿಸುವುದಕ್ಕೆ, ಕೆಳಗಿನದು ಬೆಚ್ಚಗಿಡುವುದಕ್ಕೆ. ಮೇಲೆ ಉದ್ದಕ್ಕೆ ಒಂದು ದಪ್ಪ ಕಬ್ಬಿಣದ ಹಾಸು. ಅದರ ಬೆಂಕಿಯ ಕಡೆಯ ತುದಿ ಕುದಿಯುವಷ್ಟು ಬಿಸಿ, ಆಚೆ ತುದಿ ಹದವಾದ ಬಿಸಿ. ಗ್ಯಾಸ್ ಒಲೆಯ ಹಾಗೆ ತಿರುಪು ತಿರುಗಿಸಿ ಉರಿ ಹೆಚ್ಚುಕಡಿಮೆ ಮಾಡುವಂತಿಲ್ಲ. ಪಾತ್ರೆಯನ್ನೇ ಈ ತುದಿಯಿಂದ ಆ ತುದಿಗೆ ಸರಿಸಬೇಕು. ನಮ್ಮ ಕಡೆ ಸೌದೆ ಒಲೆಯಲ್ಲಿ ಅಡುಗೆ ಮಾಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕೋಡೊಲೆ ಇತ್ತು. ದೊಡ್ಡ ಒಲೆಯ ಪಕ್ಕಕ್ಕೆ ಸೇರಿಕೊಂಡ ಸಣ್ಣ ಒಲೆ ಅದು. ಅದಕ್ಕೆ ಬೇರೆ ಸೌದೆ ಇಡುವುದಿಲ್ಲ. ದೊಡ್ಡ ಒಲೆಯ ಉರಿ ಸಂದಿಯಿಂದ ನುಗ್ಗಿ ಬಂದು ಅದನ್ನು ಕಾಯಿಸುತ್ತದೆ. ದೊಡ್ಡ ಒಲೆಯಲ್ಲಿ ಅನ್ನ ಬೇಯುತ್ತಿದ್ದರೆ ಕೋಡೊಲೆಯಲ್ಲಿ ಸಾರು ಬಿಸಿಯಾಗಿಯೇ ಇರುತ್ತಿತ್ತು. ಒಂದು ಸಲ ಹೊತ್ತಿಸಿದ ಬೆಂಕಿಯಿಂದ ಎಷ್ಟು ಕೆಲಸ ತೆಗೆಯಬಹುದೋ ಅಷ್ಟನ್ನೂ ತೆಗೆಯಬೇಕು ಎನ್ನುವುದು ಅದರ ಹಿಂದಿನ ಬುದ್ಧಿ. ರೇಬರ್ನ್ ಒಲೆಯ ಹಿಂದಿರುವುದೂ ಅದೇ ಬುದ್ಧಿ, ಆದರೆ ಇನ್ನೂ ಮುಂದಕ್ಕೆ ಹೋಗಿದೆ. ಬಿಸಿ ಹೊಗೆ ನೇರವಾಗಿ ಚಿಮಣಿಗೆ ಹೋಗದೆ ಓವನ್ನಿನ ಸುತ್ತ ಸುತ್ತಿಕೊಂಡು ಹೋಗುವ ಹಾಗೆ ಮಾಡಲು ಒಳಗೊಂದು ತಡೆಬಾಗಿಲು ಇದೆ. ಬೆಂಕಿಯ ಗೂಡಿನ ಹಿಂದೆ ನೀರಿನ ಪೆಟ್ಟಿಗೆ ಇದೆ. ಅಲ್ಲಿ ಕಾದ ನೀರು ಮಹಡಿಯ ಮೇಲಿನ ತಾಮ್ರದ ದೊಡ್ಡ ಟ್ಯಾಂಕಿಗೆ ಹೋಗುತ್ತದೆ. ಇನ್ನೊಂದು ದಾರಿಯಲ್ಲಿ ಸಣ್ಣ ಪಂಪು ಆ ಬಿಸಿನೀರನ್ನು ಕೋಣೆಕೋಣೆಯ ರೇಡಿಯೇಟರುಗಳಿಗೆ ತಳ್ಳುತ್ತದೆ. ಹೀಗೆ ಅಡುಗೆಮನೆಯ ಒಂದು ಬುಟ್ಟಿ ಸೌದೆ ಮಲಗುವ ಕೋಣೆಯನ್ನು ಬೆಚ್ಚಗಿಡುತ್ತದೆ.

ಇಂಥ ಒಲೆಗಳ ಚರಿತ್ರೆಯಲ್ಲಿ ನಾವು ಹೆಂಗಸರು ತಿಳಿದಿರಬೇಕಾದ ಒಂದು ಹೆಸರಿದೆ. ಸ್ವೀಡನ್ ದೇಶದ ಗುಸ್ತಾಫ್ ಡಾಲೆನ್. ಸಮುದ್ರದ ದೀಪಸ್ತಂಭಗಳ ಗ್ಯಾಸ್ ದೀಪ ತಾನೇ ಹತ್ತಿ ತಾನೇ ಆರುವ ಹಾಗೆ ಮಾಡಿದ್ದಕ್ಕೆ 1912ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ಪಡೆದವರು. ಅದೇ ವರ್ಷ ಗ್ಯಾಸ್ ಸಿಲಿಂಡರುಗಳ ಪ್ರಯೋಗದಲ್ಲಿ ಆದ ಸ್ಫೋಟದಿಂದ ಅವರ ಎರಡೂ ಕಣ್ಣು ಹೋದವು. ಬಹುಮಾನವನ್ನು ಅವರ ಪರವಾಗಿ ಸಹೋದರ ಸ್ವೀಕರಿಸಬೇಕಾಯಿತು. ಮನೆಯಲ್ಲೇ ಉಳಿದ ಡಾಲೆನ್, ಹೆಂಡತಿ ಎಲ್ಮಾ ಒಲೆಯ ಮುಂದೆ ದಿನವಿಡೀ ದಣಿಯುವುದನ್ನು ಗಮನಿಸಿ, ಯಾವಾಗಲೂ ಕಾದೇ ಇರುವ, ಕಾವಲು ಬೇಡದ ಒಲೆಯೊಂದನ್ನು ಮಾಡಬೇಕೆಂದುಕೊಂಡರು ಎಂದು ಹೇಳುತ್ತಾರೆ. 1922ರಲ್ಲಿ ಅವರು ರೂಪಿಸಿದ ಆ ಒಲೆಯೇ ಆಗಾ. ಭಾರವಾದ ಎರಕದ ಕಬ್ಬಿಣದಲ್ಲಿ ಶಾಖವನ್ನು ತುಂಬಿಟ್ಟುಕೊಂಡು, ಅಡುಗೆ ಬೇಕಾದಾಗ ಕೊಡುವುದು ಅದರ ಗುಟ್ಟು. ಮುಚ್ಚಳ ತೆರೆದರೆ ಶಾಖ ಹೋಗುತ್ತದೆ ಎಂದು ಆಗಾ ಇರುವ ಮನೆಯವರು ಹೆಚ್ಚಿನ ಅಡುಗೆಯನ್ನು ಓವನ್ನಿನ ಒಳಗೇ ಮಾಡುತ್ತಾರೆ.

ಮೊದಮೊದಲು ಆಗಾ ಉಳ್ಳವರ ಮನೆಯ ವಸ್ತುವಾಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಸಣ್ಣ ಮನೆಗಳಿಗೂ ರೈತರಿಗೂ ಎಟುಕುವ ಹಾಗೆ ರೇಬರ್ನ್ ಬಂತು. ನಮ್ಮ ಮಗಳ ಮನೆಗೆ ಹತ್ತಿರದಲ್ಲೇ ಕೋಲ್‌ಬ್ರೂಕ್‌ಡೇಲ್ ಎಂಬ ಊರಿದೆ. ಅಬ್ರಹಾಂ ಡಾರ್ಬಿ ಎಂಬಾತ 1709ರಲ್ಲಿ ಇದ್ದಿಲಿನ ಬದಲು ಕಲ್ಲಿದ್ದಲಿನ ಕೋಕ್ ಬಳಸಿ ಕಬ್ಬಿಣ ಕರಗಿಸಿದ ಜಾಗ ಅದು. ಅಲ್ಲೇ ಪಕ್ಕದಲ್ಲಿ 1779ರಲ್ಲಿ ನಿಲ್ಲಿಸಿದ ಕಬ್ಬಿಣದ ಸೇತುವೆ ಈಗಲೂ ಇದೆ. ಆಗಾ ಒಲೆಗಳ ಎರಕದ ಭಾಗಗಳನ್ನು ದಶಕಗಳ ಕಾಲ ಮಾಡಿದ ಕಾರ್ಖಾನೆ ಕೋಲ್‌ಬ್ರೂಕ್‌ಡೇಲ್‌ನಲ್ಲೇ ಇತ್ತು; 2017ರಲ್ಲಿ ಮುಚ್ಚಿತು. ಮೊಮ್ಮಗನ ಕೈ ಹಿಡಿದುಕೊಂಡು ಆ ಸೇತುವೆಯ ಮೇಲೆ ನಡೆಯುವಾಗ "ಅಜ್ಜಿ, ನಮ್ಮ ಒಲೆ ಈ ಊರಿನದಾ?" ಎಂದು ಕೇಳಿದ. "ಒಲೆಯ ನೆಂಟರು ಈ ಊರಿನವರು" ಎಂದೆ.

ಈಗ ದಿನದ ಕೆಲಸಕ್ಕೆ ಬರೋಣ. ಈ ಒಲೆ ಕೆಲಸ ಕೇಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಹಿಡಿಕೆಯನ್ನು ಅಲ್ಲಾಡಿಸಿ ಬೂದಿ ಉದುರಿಸಬೇಕು. ಉಳಿದ ಕೆಂಡದ ಮೇಲೆ ಸಣ್ಣ ಸೌದೆ ಇಟ್ಟು, ಗಾಳಿಕಿಂಡಿ ತೆರೆದು ಉರಿ ಎಬ್ಬಿಸಬೇಕು. ತಣ್ಣಗಾದ ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಸುರಿದು ಹೊರಗಿಡಬೇಕು. ಕೆಂಡ ಒಳಗೆ ಇನ್ನೂ ಜೀವಂತವಿರಬಹುದು, ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕುವಂತಿಲ್ಲ. ದಿನಕ್ಕೆ ಎರಡು ಮೂರು ಬುಟ್ಟಿ ಸೌದೆ ಒಳಗೆ ತರಬೇಕು. ರಾತ್ರಿ ಮಲಗುವ ಮುಂಚೆ ದಪ್ಪ ಸೌದೆ ತುಂಬಿ, ಗಾಳಿಕಿಂಡಿಯನ್ನು ಕಿರಿದು ಮಾಡಬೇಕು. ನಮ್ಮ ಅಮ್ಮ ಕೆಂಡಕ್ಕೆ ಬೂದಿ ಮುಚ್ಚಿ "ಬೆಂಕಿಯನ್ನ ಮಲಗಿಸಿದೆ" ಎನ್ನುತ್ತಿದ್ದಳು. ಅಳಿಯನಿಗೆ ಈ ಮಾತು ಬಹಳ ಹಿಡಿಸಿತು. "ಮಮ್ಮೀಜಿ, ಬೆಂಕಿ ಮಲಗಿತು" ಎಂದು ಪ್ರತಿ ರಾತ್ರಿ ವರದಿ ಒಪ್ಪಿಸುತ್ತಿದ್ದ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಆ ಮನೆಯಲ್ಲಿ ಸೌದೆ, ಬೂದಿ, ಚಿಮಣಿ ಮೂರೂ ಅಳಿಯನ ಕೆಲಸ. ಮದುವೆಯಾಗಿ ಆ ಮನೆ ಕೊಳ್ಳುವಾಗಲೇ ಮಗಳು ಹೇಳಿದ್ದಳಂತೆ, "ಒಲೆ ಬೇಕಾದರೆ ಇಟ್ಟುಕೊಳ್ಳೋಣ, ಆದರೆ ಒಲೆ ನನ್ನ ಕೊರಳಿಗೆ ಬೀಳಬಾರದು" ಎಂದು. ಹಳೇ ಕಾಲದ ಒಲೆಯ ಸೊಬಗಿನ ಬಗ್ಗೆ ಬಹಳ ಜನ ಮಾತಾಡುತ್ತಾರೆ. ಆ ಒಲೆಯ ಮುಂದೆ ದಿನಾ ಕೂರುವವರು ಯಾರು ಎಂದು ಮೊದಲು ಕೇಳಿ, ಆಮೇಲೆ ಸೊಬಗಿನ ಮಾತು ಆಡಬೇಕು.

ಅಡುಗೆಯ ವಿಷಯ. ಅಕ್ಕಿಯನ್ನು ಬಿಸಿ ತುದಿಯಲ್ಲಿ ಒಂದು ಕುದಿ ಬರಿಸಿ, ಮುಚ್ಚಳ ಹಾಕಿ ಓವನ್ನಿನಲ್ಲಿ ಇಟ್ಟುಬಿಟ್ಟರೆ ಅನ್ನ ಅದರ ಪಾಡಿಗೆ ಅದು ಬೇಯುತ್ತದೆ. ಬೇಳೆಯೂ ಹಾಗೆಯೇ. ಕುಕ್ಕರಿನ ಕೂಗು ಇಲ್ಲದ ಮನೆಯಲ್ಲಿ ಮಗು ನೆಮ್ಮದಿಯಾಗಿ ಮಲಗುತ್ತದೆ ಎಂಬ ಲಾಭವೂ ಸಿಕ್ಕಿತು. ರೊಟ್ಟಿಯನ್ನು ಕಬ್ಬಿಣದ ಹಾಸಿನ ಮೇಲೆ ನೇರವಾಗಿಯೇ ಬೇಯಿಸಬಹುದು, ಕಾವಲಿ ಬೇಡ. ಬುಡ ಚಪ್ಪಟೆಯಾದ ಪಾತ್ರೆಗಳು ಮಾತ್ರ ನಡೆಯುತ್ತವೆ; ನಮ್ಮ ಗುಂಡು ಬುಡದ ಬಾಣಲೆಗೆ ಅಲ್ಲಿ ಕೆಲಸವಿಲ್ಲ. ಹೊರಗೆ ಹಿಮ ಬಿದ್ದಿರುವಾಗ ಹಾಲು ಹೆಪ್ಪಾಗುವುದೇ ಕಷ್ಟವಲ್ಲವೇ? ಒಲೆಯ ಪಕ್ಕದ ಕಟ್ಟೆಯ ಮೇಲೆ ಟವೆಲ್ ಸುತ್ತಿ ಇಟ್ಟರೆ ಬೆಳಿಗ್ಗೆಗೆ ಗಟ್ಟಿ ಮೊಸರು. ಇಡ್ಲಿಹಿಟ್ಟೂ ಅಲ್ಲೇ ಉಬ್ಬುತ್ತಿತ್ತು. ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದು ಹಾಕಿದ ಅನ್ನ, ತುಪ್ಪ. ಯಾವ ಹೊತ್ತಿನಲ್ಲಿ ಕೇಳಿದರೂ ಬಿಸಿಯಾಗಿ ಕೊಡಬಹುದಿತ್ತು. ರಾತ್ರಿ ಎರಡು ಗಂಟೆಗೆ ಮಗುವಿಗೆ ಹಾಲೂಡಿಸಿ ಹಸಿದು ಬರುವ ತಾಯಿಗೆ ಅದು ಸಣ್ಣ ಉಪಕಾರವಲ್ಲ.

ಒಲೆಯ ಮೇಲೆ ಚಾವಣಿಗೆ ಹಗ್ಗ, ರಾಟೆ ಕಟ್ಟಿ ಮರದ ಗಳುಗಳನ್ನು ಇಳಿಬಿಟ್ಟಿದ್ದರು. ಒದ್ದೆ ಬಟ್ಟೆ ಹರವಿ ಮೇಲಕ್ಕೆಳೆದರೆ ಸಂಜೆಗೆ ಒಣಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಏನೇನೆಲ್ಲ ಒಣಗುತ್ತಿತ್ತು ಎಂದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಫೆಬ್ರವರಿಯಲ್ಲಿ ಪಕ್ಕದ ಹೊಲದವರ ಮನೆಗೆ ಹೋಗಿದ್ದಾಗ ಅವರ ಆಗಾದ ಕೆಳಗಿನ ಓವನ್ನಿನ ಬಾಗಿಲು ತೆರೆದಿತ್ತು. ಒಳಗೆ ಹಳೇ ಟವೆಲ್ಲಿನ ಮೇಲೆ ಆಗತಾನೇ ಹುಟ್ಟಿದ, ಚಳಿಗೆ ಸೆಟೆದುಹೋಗಿದ್ದ ಕುರಿಮರಿ! ಅರ್ಧ ಗಂಟೆಯಲ್ಲಿ ಅದು ಕಿವಿ ಅಲ್ಲಾಡಿಸಿ ಕೂಗಿತು. ಅಲ್ಲಿಯ ಕುರಿ ಸಾಕುವವರಿಗೆ ಇದು ಪ್ರತಿ ವರ್ಷದ ಮಾತು.

ಮಗುವಿನ ಬಗ್ಗೆ ಹೇಳುವುದಾದರೆ, ಮನೆಗೆ ಬರುವ ಸೂಲಗಿತ್ತಿ ನರ್ಸಮ್ಮ ಮೊದಲ ದಿನವೇ ಕೋಣೆಯಲ್ಲಿ ಥರ್ಮಾಮೀಟರ್ ಇದೆಯೇ ಎಂದು ಕೇಳಿದರು. ಹಸುಗೂಸು ಮಲಗುವ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು, ಅದಕ್ಕಿಂತ ಬಿಸಿ ಬೇಡ, ತಲೆಗೆ ಟೋಪಿ ಹಾಕಿ ಮಲಗಿಸುವುದೂ ಬೇಡ ಎಂದರು. ಹಸುಗೂಸಿಗೆ ಚಳಿಯಷ್ಟೇ ಅತಿಯಾದ ಬಿಸಿಯೂ ಅಪಾಯವಂತೆ. ತೊಟ್ಟಿಲನ್ನು ಅಡುಗೆಮನೆಯಲ್ಲಿ ಇಡಲಿಲ್ಲ. ಒಲೆಯ ಬಿಸಿ ಮಹಡಿಗೆ ಹದವಾಗಿ ಏರುತ್ತಿತ್ತು. ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ ಮಗುವಿನ ಬಟ್ಟೆಗಳು ಸದಾ ಬೆಚ್ಚಗಿರುತ್ತಿದ್ದವು. ಎಣ್ಣೆ ಹಚ್ಚಿ ನೀರೆರೆಯುವುದಕ್ಕೆ ಮಗಳು ಒಪ್ಪಿದಳು. ನೀರೆರೆದ ಮೇಲೆ ಸಾಂಬ್ರಾಣಿ ಹೊಗೆ ಹಾಕುವ ಮಾತು ತೆಗೆದಾಗ ಮಾತ್ರ, "ಅಮ್ಮ, ಬೇರೆ ಏನು ಬೇಕಾದರೂ ಮಾಡು, ಹೊಗೆ ಬೇಡ. ನಮ್ಮಜ್ಜಿಯ ಕಥೆ ನಿನಗೇ ಗೊತ್ತಲ್ಲ" ಎಂದಳು. ಗೊತ್ತಿತ್ತು. ಅದನ್ನು ಈಗ ನಿಮಗೂ ಹೇಳುತ್ತೇನೆ.

ನನ್ನ ಅಮ್ಮನ ಒಲೆಗೆ ಚಿಮಣಿ ಇರಲಿಲ್ಲ. ಹೆಂಚಿನ ಸಂದಿಯಿಂದ ಹೊಗೆ ಹೋದಷ್ಟು ಹೋಗಬೇಕು, ಉಳಿದದ್ದು ಅಲ್ಲೇ. ಮಳೆಗಾಲದಲ್ಲಿ ಒದ್ದೆ ಸೌದೆ. ಊದುಗೊಳವೆ ಹಿಡಿದು ಊದಿ ಊದಿ ಅವಳ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು. ಬೆಳಗಿನ ಜಾವ ಒಲೆ ಸಾರಿಸಿ, ಎರಡೆಳೆ ರಂಗೋಲಿ ಎಳೆದು, ಬೆಂಕಿ ಹೊತ್ತಿಸಿದರೆ ಅಡುಗೆ ಒಲೆ, ಬಚ್ಚಲೊಲೆ ಎರಡರ ಹೊಗೆಯೂ ಅವಳ ಪಾಲಿಗೆ. ಐವತ್ತು ದಾಟುವಷ್ಟರಲ್ಲಿ ದಮ್ಮು ಹಿಡಿಯಿತು. ಶಿವಮೊಗ್ಗದಲ್ಲಿ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಬೀಡಿಗೀಡಿ ಸೇದುವ ಅಭ್ಯಾಸ ಇದೆಯಾ?" ಎಂದು ಕೇಳಿದರು. ಅಮ್ಮ ನಾಚಿಕೊಂಡು ನಕ್ಕಳು. ಮದುವೆಯಾಗಿ ಬಂದಾಗಿನಿಂದ ದಿನಕ್ಕೆ ಆರೇಳು ಗಂಟೆ ಹೊಗೆ ಕುಡಿದ ಎದೆ ಅದು. ಬೀಡಿ ಸೇದುವುದು ಬೇಕಿತ್ತೇ? ಅರವತ್ತೆರಡನೆಯ ವಯಸ್ಸಿಗೆ, ಒಂದು ಆಷಾಢದ ಮಳೆಯಲ್ಲಿ, ಉಸಿರಿಗಾಗಿ ಒದ್ದಾಡಿ ಹೋದಳು.

ಅವಳ ಕೊನೆಯ ವರ್ಷಗಳಲ್ಲಿ ನಮ್ಮ ಮನೆಗೆ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗಾಗಿ ವಿಜ್ಞಾನ ಎಂಬ ಕೆಲಸ ಶುರುವಾಗಿತ್ತು. ಅದರ ಹೆಸರೇ ಅಸ್ತ್ರ. ಅಲ್ಲಿ ರೂಪಿಸಿದ ಮೂರು ಪಾತ್ರೆಯ ಈ ಮುಚ್ಚಿದ ಒಲೆ 1980ರ ದಶಕದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಹೋಯಿತು. ಸೌದೆ ಕೆಳಗೆ ಜಾಲರಿ, ಬಾಗಿಲು, ಹೊಗೆ ಹೊರಗೆ ಹೋಗಲು ಚಿಮಣಿ. ಅಮ್ಮ ಮೊದಲ ದಿನ ಒಲೆಯ ಮುಂದೆ ಕೂತು, "ಅಯ್ಯೋ, ಗೋಡೆ ಕಾಣ್ತದೆ ಕಣೆ" ಎಂದಿದ್ದಳು. ಬೆಂಕಿ ಉರಿಯುವಾಗ ಎದುರಿನ ಗೋಡೆಯನ್ನು ಅವಳು ಅಷ್ಟು ವರ್ಷ ಸರಿಯಾಗಿ ನೋಡಿರಲೇ ಇಲ್ಲ. ಆದರೆ ಅಷ್ಟರಲ್ಲಿ ಎದೆ ಕೆಟ್ಟಿತ್ತು. ರೇಬರ್ನಿನ ಬಾಗಿಲು ಮುಚ್ಚಿ, ಹೊಗೆಯ ಎಳೆಯೂ ಕಾಣದ ಅಡುಗೆಮನೆಯಲ್ಲಿ ನಿಂತಾಗ ನನಗೆ ಬಂದ ಯೋಚನೆ ಇಷ್ಟೇ: ಎರಡು ಒಲೆಗೂ ಸೌದೆ ಒಂದೇ, ಬೆಂಕಿ ಒಂದೇ. ಒಂದು ಕೊಳವೆ ಮಾತ್ರ ವ್ಯತ್ಯಾಸ.

ಜನವರಿಯ ಒಂದು ರಾತ್ರಿಯ ವಿಷಯ ಹೇಳಲೇಬೇಕು. ಮಗುವಿಗೆ ಹತ್ತೊಂಬತ್ತು ದಿನ. ಬಿರುಗಾಳಿಗೆ ಎಲ್ಲೋ ಮರ ಬಿದ್ದು ಸಂಜೆ ಆರಕ್ಕೆ ಕರೆಂಟು ಹೋಯಿತು. ಬಂದದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ. ಹೊರಗೆ ಸೊನ್ನೆಗಿಂತ ಕೆಳಗೆ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ರೇಡಿಯೇಟರುಗಳು ತಣ್ಣಗಾಗುತ್ತವೆ. ಆದರೆ ಬೆಂಕಿ ನಿಲ್ಲುವುದಿಲ್ಲ, ನೀರು ಕಾಯುತ್ತಲೇ ಇರುತ್ತದೆ. ಆ ಬಿಸಿ ಎಲ್ಲಿಗಾದರೂ ಹೋಗಲೇಬೇಕು, ಇಲ್ಲದಿದ್ದರೆ ನೀರು ಕುದಿದು ಅಪಾಯ. ಇದಕ್ಕೆಂದೇ ಒಲೆಯಿಂದ ಟ್ಯಾಂಕಿಗೂ ಬಚ್ಚಲುಮನೆಯ ಒಂದು ರೇಡಿಯೇಟರಿಗೂ ಪಂಪಿಲ್ಲದೆ ನೀರು ಓಡುವ ದಪ್ಪ ಪೈಪುಗಳಿವೆ. ಬಿಸಿನೀರು ಹಗುರ, ಮೇಲೇರುತ್ತದೆ. ತಣ್ಣೀರು ಭಾರ, ಕೆಳಗಿಳಿಯುತ್ತದೆ. ಬೆಂಗಳೂರಿನ ಮನೆಗಳ ತಾರಸಿಯ ಸೋಲಾರ್ ಹೀಟರಿನಲ್ಲಿ ನಡೆಯುವುದೂ ಇದೇ. ಆ ರೇಡಿಯೇಟರಿಗೆ ಮುಚ್ಚುವ ತಿರುಪನ್ನೇ ಇಟ್ಟಿರುವುದಿಲ್ಲ, ಯಾರೂ ತಪ್ಪಿ ಮುಚ್ಚಬಾರದೆಂದು.

ಅಳಿಯ ಗಾಳಿಕಿಂಡಿಯನ್ನು ಕಿರಿದು ಮಾಡಿ, ಸೌದೆ ಸ್ವಲ್ಪಸ್ವಲ್ಪವೇ ಹಾಕುತ್ತ ರಾತ್ರಿಯೆಲ್ಲ ಒಲೆಯ ಮುಂದೆ ಕೂತ. ಎಂಟು ಗಂಟೆಗೆ ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿಯನ್ನು ಹೋಗಿ ಕರೆತಂದ. ಅವರ ಮನೆಯದೆಲ್ಲ ಕರೆಂಟಿನ ಹೀಟರುಗಳು. ಒಬ್ಬರೇ ಕೋಟು ಹಾಕಿಕೊಂಡು ಹಾಸಿಗೆಯಲ್ಲಿ ಕೂತಿದ್ದರಂತೆ. ನಾನು ಟಾರ್ಚಿನ ಬೆಳಕಿನಲ್ಲಿ ಅನ್ನ, ತಿಳಿಸಾರು ಮಾಡಿದೆ. ಮಗಳು ಮಗುವಿನ ಜೊತೆ ಅಡುಗೆಮನೆಯ ಸೋಫಾದಲ್ಲಿ ಎಚ್ಚರವಾಗೇ ಕೂತಳು. ಅಜ್ಜಿ ಸಾರು ಕುಡಿಯುತ್ತ ತಮ್ಮ ತಾಯಿಯ ಒಲೆಯ ಕಥೆ ಹೇಳಿದರು. ವಾರಕ್ಕೊಂದು ಸಲ ಒಲೆ ಆರಿಸಿ, ಮಂಡಿಯೂರಿ ಕೂತು, ಕಪ್ಪು ಗ್ರಾಫೈಟ್ ಪಾಲಿಶ್ ಹಚ್ಚಿ ಹೊಳೆಯುವ ತನಕ ಉಜ್ಜಬೇಕಿತ್ತಂತೆ. ತಾಯಿಯ ಉಗುರಿನ ಕಪ್ಪು ಕೊನೆಯವರೆಗೂ ಹೋಗಲಿಲ್ಲವಂತೆ. ನಾನು ಅಮ್ಮನ ರಂಗೋಲಿಯ ವಿಷಯ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ತಾಯಿಗೆ ಕೆಮ್ಮಿತ್ತೇ?" ಎಂದು ಕೇಳಿದರು. ಅವರು ಯಾಕೆ ಕೇಳಿದರೆಂದು ನಾನು ಕೇಳಬೇಕಾಗಿರಲಿಲ್ಲ.

ಹಾಗೆಂದು ಈ ಒಲೆಯನ್ನು ಹಾಡಿ ಹೊಗಳಲು ನಾನು ಬಂದಿಲ್ಲ. ಒಳಗೆ ಹೊಗೆ ಬರದಿದ್ದರೂ ಹೊರಗೆ ಹೋಗುತ್ತದೆ. ಪಿಎಂ 2.5 ಎಂದರೆ ಏನೆಂದು ದೆಹಲಿಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ರಿಟನ್ನಿನಲ್ಲೂ ಮನೆಮನೆಯ ಸೌದೆ ಒಲೆಗಳು ಅದರ ಒಂದು ದೊಡ್ಡ ಮೂಲ. ಅದಕ್ಕೇ ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ತೇವಾಂಶ ಶೇಕಡಾ 20ಕ್ಕಿಂತ ಹೆಚ್ಚಿರಬಾರದೆಂಬ ನಿಯಮ ಬಂದಿದೆ. ಮನೆಬಳಕೆಯ ಸಾಂಪ್ರದಾಯಿಕ ಕಲ್ಲಿದ್ದಲಿನ ಮಾರಾಟ 2023ರ ಮೇ ತಿಂಗಳಿಂದ ನಿಂತಿದೆ. ಅಳಿಯನ ಬಳಿ ಎರಡು ಮೊಳೆಗಳಿರುವ ಸಣ್ಣ ಯಂತ್ರವಿದೆ, ಸೌದೆಗೆ ಚುಚ್ಚಿದರೆ ತೇವಾಂಶದ ಅಂಕಿ ತೋರಿಸುತ್ತದೆ. ಒದ್ದೆ ಸೌದೆ ಉರಿಸಿದರೆ ಬಿಸಿ ಕಡಿಮೆ, ಹೊಗೆ ಹೆಚ್ಚು. ಚಿಮಣಿಯೊಳಗೆ ಡಾಂಬರಿನಂಥ ಜಿಡ್ಡು ಕಟ್ಟಿ ಬೆಂಕಿ ಹಿಡಿಯಲೂಬಹುದು. ಆದ್ದರಿಂದ ವರ್ಷಕ್ಕೆ ಎರಡು ಸಲ ಚಿಮಣಿ ಗುಡಿಸುವವರು ಬರುತ್ತಾರೆ. ಅಲ್ಲಿಯ ಆಶ್ ಮರಗಳಿಗೆ ರೋಗ ತಗುಲಿ ಊರೂರಲ್ಲಿ ಕಡಿಯುತ್ತಿರುವುದರಿಂದ ಈಗ ಸೌದೆ ಸಿಗುತ್ತಿದೆ. ಯಾವಾಗಲೂ ಹೀಗೇ ಸಿಗುತ್ತದೆ ಎನ್ನುವಂತಿಲ್ಲ.

ನಾನು ಹೊರಡುವ ಮುಂಚೆ ಮಗಳು, ಅಳಿಯ ಕೂತು ಲೆಕ್ಕ ಹಾಕಿದರು. ಹೊರಗಿನ ಗಾಳಿಯಿಂದ ಶಾಖ ಹೀರಿ ಮನೆ ಬೆಚ್ಚಗೆ ಮಾಡುವ ಹೀಟ್ ಪಂಪಿಗೆ ಅಲ್ಲಿಯ ಸರಕಾರ 7,500 ಪೌಂಡ್ ಸಹಾಯಧನ ಕೊಡುತ್ತದೆ. ಆದರೆ ಶಾಖ ಸೋರುವ ಹಳೇ ಕಲ್ಲಿನ ಮನೆಗೆ ಅದು ಸರಿಯಾಗಿ ಒದಗಬೇಕಾದರೆ ಮೊದಲು ಅಟ್ಟಕ್ಕೆ ಹೊದಿಕೆ, ಕಿಟಕಿಗೆ ಎರಡು ಗಾಜು ಆಗಬೇಕು. ಕರೆಂಟು ಹೋದರೆ ಅದೂ ನಿಲ್ಲುತ್ತದೆ. ಮಗಳು ನನ್ನ ಅಭಿಪ್ರಾಯ ಕೇಳಿದಳು. ನಾನು ಹೇಳಿದ್ದು: "ಮೊದಲು ಮನೆಯ ಸಂದಿ ಮುಚ್ಚಿ. ಆಮೇಲೆ ದಿನದ ಕೆಲಸಕ್ಕೆ ಹೊಸ ಯಂತ್ರ ತನ್ನಿ. ಒಲೆಯನ್ನು ಕಿತ್ತು ಹಾಕಬೇಡಿ, ಬಿರುಗಾಳಿಯ ರಾತ್ರಿಗೆ ಇರಲಿ. ನಿಮ್ಮ ಕೈಲಿ ಸೌದೆ ಹೊರುವುದು ಆಗದ ದಿನ ಬಂದಾಗ ಮಾತ್ರ, ಯಾವ ಬೇಸರವೂ ಇಲ್ಲದೆ ಆರಿಸಿಬಿಡಿ." ಈಗ ಅಟ್ಟದ ಹೊದಿಕೆಯ ಕೆಲಸ ಮುಗಿದಿದೆ. ಈ ಚಳಿಗಾಲದಲ್ಲಿ ಸೌದೆ ಮೊದಲಿಗಿಂತ ನಿಧಾನವಾಗಿ ಖರ್ಚಾಗುತ್ತಿದೆಯಂತೆ.

ಇನ್ನು ಆಗಲೇ ಹೇಳಿದ ಕಾರಣಕ್ಕೆ ಬರುತ್ತೇನೆ. ಆ ಅಡುಗೆಮನೆಯ ಗೋಡೆಯ ಮೇಲೆ ಬಿಳಿಯ ಸಣ್ಣ ಪೆಟ್ಟಿಗೆಯೊಂದಿತ್ತು: ಕಾರ್ಬನ್ ಮಾನಾಕ್ಸೈಡ್ ಅಲಾರಂ. ಅಷ್ಟು ಗಟ್ಟಿಯಾದ ಒಲೆ, ಚಿಮಣಿ, ವರ್ಷಕ್ಕೆರಡು ಸಲ ಗುಡಿಸುವುದು ಎಲ್ಲ ಇದ್ದರೂ ಆ ಪೆಟ್ಟಿಗೆ ಇಲ್ಲದೆ ಅವರು ಮಲಗುವುದಿಲ್ಲ. ಇಲ್ಲಿ ನಮ್ಮ ದೆಹಲಿಯಲ್ಲಿ ಪ್ರತಿ ಚಳಿಗಾಲವೂ ಪತ್ರಿಕೆಯಲ್ಲಿ ಓದುತ್ತೇವೆ: ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂದು. ಕೆಂಡವಾದ ಮೇಲೆ ಹೊಗೆ ಇರುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದುಕೊಳ್ಳುತ್ತಾರೆ. ಆದರೆ ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ಮಲಗಿದ್ದವರಿಗೆ ಅದೂ ತಿಳಿಯುವುದಿಲ್ಲ.

ನಮ್ಮ ಊರುಗಳಲ್ಲಿ ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು. "ನಮಗೇನೂ ಆಗಲಿಲ್ಲವಲ್ಲ" ಎಂದು ಹಿರಿಯರು ಹೇಳುತ್ತಾರೆ. ಆ ಮನೆಗಳು ಹೆಂಚಿನವು. ಸಂದಿಗೊಂದಿಯಲ್ಲೆಲ್ಲ ಗಾಳಿ ಆಡುತ್ತಿತ್ತು. ಆಗಲೂ ಎಲ್ಲರಿಗೂ ಏನೂ ಆಗಲಿಲ್ಲ ಎನ್ನಲಾಗದು. ನಮ್ಮ ದೆಹಲಿಯ ಫ್ಲಾಟುಗಳು ಕಾಂಕ್ರೀಟಿನ ಡಬ್ಬಗಳು. ಚಳಿಗೆ ಕಿಟಕಿ ಮುಚ್ಚಿ, ಬಾಗಿಲಿನ ಕೆಳಗೆ ಬಟ್ಟೆ ತುರುಕಿದ ಕೋಣೆಯಲ್ಲಿ ಅದೇ ಅಗ್ಗಿಷ್ಟಿಕೆ ಇಟ್ಟರೆ ಅದು ಬೇರೆಯೇ ವಸ್ತುವಾಗುತ್ತದೆ. ಬಚ್ಚಲುಮನೆಯೊಳಗಿನ ಗ್ಯಾಸ್ ಗೀಸರಿಗೂ ಇದೇ ಮಾತು. ದಯವಿಟ್ಟು ಈ ನಾಲ್ಕನ್ನು ನೆನಪಿಡಿ: ಮಲಗುವ ಕೋಣೆಯಲ್ಲಿ ಯಾವ ಕೆಂಡವೂ ಬೇಡ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ. ಒಳಗೆ ಗಾಳಿ ಆಡಲಿ. ಚಳಿಗಾಲದಲ್ಲಿ ಮನೆಯ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಮೊದಲು ಬಾಗಿಲು ತೆರೆದು ಹೊರಗೆ ಬನ್ನಿ. ಆನ್‌ಲೈನಿನಲ್ಲಿ ಸಿಗುವ ಆ ಅಲಾರಂ ಪೆಟ್ಟಿಗೆ ಒಂದನ್ನು ಕೊಳ್ಳಿ. ನಿಮ್ಮ ಮನೆಗೆ ಮಾತ್ರವಲ್ಲ, ಕಾವಲುಗಾರರ ಕೋಣೆಗೆ, ಮನೆಗೆಲಸಕ್ಕೆ ಬರುವ ಹೆಣ್ಣುಮಕ್ಕಳ ಮನೆಗಳಿಗೆ ಈ ಮಾತು ತಲುಪಬೇಕು. ಅಂಗೀಠಿ ಹೆಚ್ಚಾಗಿ ಉರಿಯುವುದು ಅಲ್ಲಿ; ಅವರಿಗೆ ಒಂದು ಒಳ್ಳೆಯ ರಜಾಯಿ ಕೊಡುವುದೂ ನಮ್ಮ ಕೈಲಿ ಆಗುವ ಕೆಲಸವೇ.

ಬೆಚ್ಚಗಿರುವುದು ಎಲ್ಲರ ಹಕ್ಕು. ಒಬ್ಬಳ ಎದೆ ಸುಟ್ಟು ಉಳಿದವರು ಬೆಚ್ಚಗಿರುವುದು ಯಾವ ಕಾಲದಲ್ಲೂ ಸರಿಯಾಗಿರಲಿಲ್ಲ. ಬೆಂಕಿಗೆ ಒಂದು ಬಾಗಿಲು, ಹೊಗೆಗೆ ಒಂದು ದಾರಿ, ಕೆಲಸಕ್ಕೆ ಇನ್ನೊಂದು ಜೊತೆ ಕೈ: ಒಲೆ ಯಾವ ದೇಶದ್ದಾದರೂ ಈ ಮೂರು ಇರಲಿ ಎಂಬುದು ನನ್ನ ಆಸೆ. ನಮ್ಮ ಸಂಘದಿಂದ ಈ ತಿಂಗಳು ಹತ್ತಿರದ ಬಸ್ತಿಯಲ್ಲಿ ಅಂಗೀಠಿಯ ಅಪಾಯದ ಬಗ್ಗೆ ಹಿಂದಿಯಲ್ಲಿ ಒಂದು ಸಣ್ಣ ಕಾರ್ಯಕ್ರಮ ಮಾಡಬಹುದೇ ಎಂದು ಅಧ್ಯಕ್ಷೆಯವರನ್ನು ಕೇಳಿಕೊಳ್ಳುತ್ತೇನೆ. ಮಾತಾಡಲು ನಾನು ಬರುತ್ತೇನೆ, ಜೊತೆಗೆ ಯಾರು ಬರುತ್ತೀರಿ ಎಂದು ಚಹಾ ಹೊತ್ತಿನಲ್ಲಿ ಹೆಸರು ಕೊಡಿ.